ಲಾಂಗ್ಯಾದ ಗುಳಿಗೆ ಗೆಂಗ್

ಚುನ್‌ಯು ಗೆಂಗ್ ಕುಂಟುತ್ತಿದ್ದ. ಆದರೆ ಅವನ ಕಾಲಿನಲ್ಲಿ ಯಾವ ಊನವೂ ಇರಲಿಲ್ಲ. ಎಡಗಾಲನ್ನು ಮುಂದಿಟ್ಟು, ಬಲಗಾಲನ್ನು ನೆಲಕ್ಕೆ ಸವರುತ್ತ ಎಳೆದು ತಂದು, ಒಂದು ಕ್ಷಣ ನಿಂತು, ಮತ್ತೆ ಎಡಗಾಲನ್ನು ಎತ್ತುವ ಆ ನಡಿಗೆ ಅವನ ಕಸುಬಿನವರೆಲ್ಲ ಕಲಿಯಲೇಬೇಕಾದ ವಿದ್ಯೆ. ಮಹಾಪೂರದ ನೀರನ್ನು ಸಮುದ್ರಕ್ಕೆ ಹರಿಸಿದ ಪುರಾತನ ದೊರೆ ಯೂ, ಹೊಳೆಗಳಲ್ಲಿ ನಿಂತು ನಿಂತು ಕಾಲು ಸೋತು ಹೀಗೆ ನಡೆಯುತ್ತಿದ್ದನಂತೆ. ಹಾಗೆ ನಡೆದವನ ದಾರಿಗೆ ಭೂತಪಿಶಾಚಿಗಳು ಅಡ್ಡ ಬರುವುದಿಲ್ಲವಂತೆ. ಉಳಿದ ರಸವಾದಿಗಳು ಕುಲುಮೆಯ ಮುಂದೆ ನಾಲ್ಕು ಹೆಜ್ಜೆ ಹಾಗೆ ಹಾಕಿ, ಪೂಜೆ ಮುಗಿದ ಮೇಲೆ ನಮ್ಮ ನಿಮ್ಮ ಹಾಗೆ ನೆಟ್ಟಗೆ ನಡೆದು ಮನೆಗೆ ಹೋಗುತ್ತಿದ್ದರು. ಗೆಂಗ್ ಮಾತ್ರ ಸಂತೆಗೆ, ಬಾವಿಗೆ, ಬಯಲಿಗೆ, ಎಲ್ಲ ಕಡೆಗೂ ಕುಂಟಿಕೊಂಡೇ ಹೋಗುತ್ತಿದ್ದ. "ಅಲ್ಲಯ್ಯ, ಈರುಳ್ಳಿ ಸೊಪ್ಪು ತರೋಕೂ ಹೀಗೇ ಹೋಗ್ಬೇಕಾ?" ಎಂದು ಒಮ್ಮೆ ನಾನು ಕೇಳಿದಾಗ, "ಸಂತೇಲಿ ತಪ್ಪಿದ್ರೆ ಅರಮನೇಲೂ ತಪ್ಪತ್ತೆ, ಉಗ್ರಾಣದೋರೆ" ಎಂದ. ಐವತ್ತು ದಾಟುವ ಹೊತ್ತಿಗೆ ಅವನ ಸೊಂಟವೇ ಆ ಕಡೆಗೆ ವಾಲಿ ಕುಳಿತುಬಿಟ್ಟಿತು. ಆಮೇಲೆ ನೆಟ್ಟಗೆ ನಡೆಯಬೇಕೆಂದರೂ ಆಗುತ್ತಿರಲಿಲ್ಲ.

ಉಗ್ರಾಣದವನೆಂದರೆ ನಾನು. ಲಾಂಗ್ಯಾದ ಸರಕಾರಿ ಉಗ್ರಾಣದಲ್ಲಿ ಜೋಳ ನವಣೆ ಅಳೆಯುವುದು ನನ್ನ ವೃತ್ತಿಯಾಗಿತ್ತು. ಧಾನ್ಯ ಅಳೆಯುವವನಿಗೆ ಗಾಳಿ ಅಳೆಯುವವರ ಮೇಲೆ ಪ್ರೀತಿ ಹುಟ್ಟುವುದು ಕಷ್ಟ. ನನ್ನ ಮನೆಗೂ ಗೆಂಗ್‌ನ ಮನೆಗೂ ನಡುವೆ ಇದ್ದದ್ದು ಒಂದೇ ಮಣ್ಣುಗೋಡೆ, ಅದೂ ನಮ್ಮ ತಲೆಯವರೆಗೆ ಮಾತ್ರ. ಅವನ ಕುಲುಮೆಯ ಹೊಗೆ ನನ್ನ ಒಣಹಾಕಿದ ಮೀನಿಗೆ ಹತ್ತುತ್ತಿತ್ತು. ಇದಕ್ಕಾಗಿ ನಾವು ಎಷ್ಟು ಸಲ ಜಗಳವಾಡಿದೆವೋ, ಎಷ್ಟು ಸಲ ಅದೇ ಮೀನನ್ನು ಒಟ್ಟಿಗೆ ಕೂತು ತಿಂದೆವೋ, ಹೇಳಲಾರೆ.

ಅವನಂಥವರು ನಮ್ಮ ಕರಾವಳಿಯಲ್ಲಿ ಯಾಕೆ ಅಷ್ಟೊಂದು ಹುಟ್ಟಿದರು ಎಂಬುದಕ್ಕೆ ಸಮುದ್ರವೇ ಹೊಣೆ. ವಸಂತ ಮುಗಿಯುವಾಗ, ಗಾಳಿ ಬಿದ್ದ ದಿನ, ನಮ್ಮ ಕಡಲಿನ ಅಂಚಿನ ಮೇಲೆ ಗೋಪುರಗಳೂ ಕೋಟೆಗಳೂ ಬಿಸಿಲುಗುದುರೆಯಂತೆ ತಲೆಕೆಳಗಾಗಿ ತೇಲುವುದನ್ನು ನಾವು ಚಿಕ್ಕಂದಿನಿಂದ ನೋಡಿದ್ದೇವೆ. ಬೆಸ್ತರು ಅದನ್ನು ನೋಡಿ ನಾಳೆ ಮಳೆ ಎಂದು ಬಲೆ ಒಳಗಿಡುತ್ತಾರೆ, ಅಷ್ಟೇ. ಆದರೆ ನನ್ನ ತಾತನ ಕಾಲದಲ್ಲಿ ಚಕ್ರವರ್ತಿಗಳಿಗೆ ಸಾವಿನ ಭಯ ಹಿಡಿಯಿತು. ಸಾಯದವರು ವಾಸಿಸುವ ದ್ವೀಪಗಳು ಆ ಕಡಲಿನಲ್ಲಿವೆ ಎಂದು ಯಾರೋ ಅವರ ಕಿವಿ ಊದಿದರು. ಅಲ್ಲಿಂದ ಶುರುವಾಯಿತು ನೋಡಿ. ಮಂಜಿನ ಕಡೆ ಕೈ ತೋರಿಸಿ "ಅಗೋ, ಅಲ್ಲೊಬ್ಬ ಸಿದ್ಧ ನಿಂತಿದ್ದ, ಈಗ ತಾನೇ ಒಳಗೆ ಹೋದ" ಎನ್ನುವ ಧೈರ್ಯವಿದ್ದವನಿಗೆಲ್ಲ ರೇಷ್ಮೆ ಸಿಕ್ಕಿತು, ಕುದುರೆ ಸಿಕ್ಕಿತು, ಒಬ್ಬಿಬ್ಬರಿಗೆ ರಾಜಮನೆತನದ ಹೆಣ್ಣೂ ಸಿಕ್ಕಿದಳೆಂದು ಕೇಳಿದ್ದೇನೆ. ಎರಡು ಬಲೆ ಹರಿದ ಬೆಸ್ತನ ಮಗನೂ ಮೂರನೆಯದನ್ನು ಹೊಲಿಯದೆ ಶಕುನ ಹೇಳಲು ಕೂತ. ನನ್ನ ತಂದೆಯ ಕಾಲಕ್ಕೆ ನಮ್ಮೂರಿನಲ್ಲಿ ದೋಣಿ ರಿಪೇರಿ ಮಾಡುವವನನ್ನು ಹುಡುಕುವುದು ಕಷ್ಟವಾಗಿತ್ತು, ಭವಿಷ್ಯ ಹೇಳುವವನು ಪ್ರತಿ ಬೀದಿಯಲ್ಲೂ ಸಿಗುತ್ತಿದ್ದ.

ಗೆಂಗ್ ಮೊದಲು ಕಲಿತದ್ದು ಆಮೆಚಿಪ್ಪು ಸುಡುವ ವಿದ್ಯೆ. ಚಿಪ್ಪಿನ ಒಳಮೈಯಲ್ಲಿ ಗುಳಿ ಕೊರೆದು, ಕೆಂಡದ ಕಡ್ಡಿಯನ್ನು ಅದಕ್ಕೆ ಒತ್ತಿದರೆ ಹೊರಮೈ ಪಟ್ಟೆಂದು ಸೀಳುತ್ತದೆ. ಆ ಸೀಳು ಯಾವ ಕಡೆ ಓಡಿತು ಎಂಬುದರಲ್ಲಿ ಉತ್ತರವಿರುತ್ತದೆ. ಅವನು ಸೀಳನ್ನು ನೋಡುತ್ತಲೇ ಇರಲಿಲ್ಲ, ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದ. ಕೇಳಿ, ತುಟಿಯನ್ನು ಒಳಗೆ ಎಳೆದುಕೊಂಡು, ಗಂಟಲಿನಲ್ಲಿ ಒಂದು ಸಣ್ಣ "ಹ್ಞಂ" ಎಳೆದು, ಬಂದವನ ಮುಖವನ್ನು ನಿಧಾನವಾಗಿ ನೋಡುತ್ತಿದ್ದ. ಓದುತ್ತಿದ್ದದ್ದು ಆ ಮುಖವನ್ನೇ ಎಂದು ನನ್ನ ಗುಮಾನಿ. ಹೇಳಿದ್ದೆಲ್ಲವನ್ನೂ ಕೊನೆಗೆ ಒಂದೇ ಮಾತಿನಿಂದ ಗಂಟು ಹಾಕುತ್ತಿದ್ದ: "ಮನಸ್ಸು ಶುದ್ಧ ಇದ್ರೆ ಆಗತ್ತೆ." ಕಳೆದುಹೋದ ಹಂದಿ ಸಿಗುತ್ತದೆ, ಮನಸ್ಸು ಶುದ್ಧ ಇದ್ದರೆ. ಮಗ ಗಡಿಯಿಂದ ಬರುತ್ತಾನೆ, ಮನಸ್ಸು ಶುದ್ಧ ಇದ್ದರೆ. ಬಂದರೆ ಗೆಂಗ್ ಗೆದ್ದ. ಬಾರದಿದ್ದರೆ ತಾಯಿ ಮನೆಗೆ ಹೋಗಿ ತನ್ನ ಮನಸ್ಸನ್ನು ತಾನೇ ಕೆದಕಿಕೊಂಡು ಅಳುತ್ತಿದ್ದಳು, ಯಾರೂ ಬಂದು ಅವನ ಬಾಗಿಲು ಬಡಿಯುತ್ತಿರಲಿಲ್ಲ.

ಆಮೆಯಿಂದ ಅವನು ಕುಲುಮೆಗೆ ಬಂದ. ಇಂಗಳೀಕದ ಕೆಂಪು ಕಲ್ಲನ್ನು ಮೂಸೆಯಲ್ಲಿ ಕಾಯಿಸಿದರೆ ಪಾದರಸ ಬೆವರಿನಂತೆ ಒಸರುತ್ತದೆ, ಅದನ್ನು ಗಂಧಕದ ಜೊತೆ ಮತ್ತೆ ಕಾಯಿಸಿದರೆ ತಿರುಗಿ ಕೆಂಪಾಗುತ್ತದೆ. ಸತ್ತು ಹುಟ್ಟುವ ವಸ್ತುವನ್ನು ಗುಳಿಗೆ ಮಾಡಿ ತಿಂದವನಿಗೆ ಸಾವೆಲ್ಲಿ ಎಂಬುದು ಅವರ ತರ್ಕ. ಈ ಕೆಲಸಕ್ಕೆ ನಿಯಮಗಳು ಬಹಳ. ಕೋಳಿ ನೋಡಬಾರದು, ನಾಯಿ ನೋಡಬಾರದು, ಸೂತಕದವರು ನೋಡಬಾರದು, ಹೆಂಗಸಂತೂ ಹತ್ತಿರ ಸುಳಿಯಲೇಬಾರದು. ಆದರೆ ಕುಲುಮೆಗೆ ಗಾಳಿ ಊದುವ ತಿದಿ ಒತ್ತುವುದಕ್ಕೆ ಆಳಿಡಲು ಗೆಂಗ್‌ಗೆ ಆಗ ಗತಿಯಿರಲಿಲ್ಲ. ಹೊಸದಾಗಿ ಮದುವೆಯಾಗಿದ್ದ ಹೆಂಡತಿ ರುವಾನ್‌ಳನ್ನೇ ತಿದಿಗೆ ಕೂರಿಸಿದ. ಅವಳು ಹೆದರಿ ಹಿಂಜರಿದಾಗ, "ನಿನಗೆ ಆ ನಿಯಮ ಇಲ್ಲ ಕಣೇ. ನಿನ್ನಷ್ಟು ಶುದ್ಧ ಮನಸ್ಸನ್ನ ನಾನು ಇನ್ನೆಲ್ಲೂ ನೋಡಿಲ್ಲ" ಎಂದನಂತೆ. ಇದನ್ನು ರುವಾನ್ ನನ್ನ ಹೆಂಡತಿಗೆ ಎಷ್ಟೋ ಸಲ ಹೇಳಿದ್ದಳು, ಪ್ರತಿ ಸಲವೂ ಮುಖ ಕೆಂಪಗೆ ಮಾಡಿಕೊಂಡು. ಆಳಿನ ಕೂಲಿ ಉಳಿಸಲು ಆಡಿದ ಮಾತದು ಎಂದು ನನಗೆ ಅನ್ನಿಸಿತ್ತು; ಅವಳು ಮಾತ್ರ ಆ ಮಾತಿನ ಮೇಲೆ ತನ್ನ ಇಡೀ ಸಂಸಾರವನ್ನು ಕಟ್ಟಿದಳು. ಮಕ್ಕಳಾಗಲಿಲ್ಲ. ತಿದಿ ಒತ್ತಿ ಒತ್ತಿ ಅವಳ ಬಲಭುಜ ಗಂಡಸಿನದರ ಹಾಗೆ ದಪ್ಪವಾಯಿತು. ಗುಳಿಗೆಗೆಂದು ಅರಮನೆಯವರು ಬಂದಾಗಲೆಲ್ಲ, ಕುಲುಮೆಯ ಬಳಿ ಹೆಂಗಸಿದ್ದದ್ದು ಅವರಿಗೆ ತಿಳಿಯದಿರಲೆಂದು ಹಿತ್ತಿಲ ಗೋಡೆ ಹತ್ತಿ ನಮ್ಮ ಅಂಗಳಕ್ಕೆ ಇಳಿದು, ಅವರು ಹೋಗುವವರೆಗೆ ನಮ್ಮ ಬೇಳೆ ಆರಿಸಿಕೊಡುತ್ತಿದ್ದಳು.

ಒಳ್ಳೆಯ ಕಾಲವೊಂದು ಗೆಂಗ್‌ಗೂ ಬಂತು. ರಾಜಧಾನಿ ಚಾಂಗಾನಿಗೆ ಕರೆ ಬಂದು, ಗರಿಗಳ ಮೇಲಂಗಿ ತೊಟ್ಟು, ಬಿಳಿ ಗಡ್ಡ ಬಾಚಿಕೊಂಡು ಹೋದ. ಆ ಅಂಗಿ ಕ್ರೌಂಚಪಕ್ಷಿಯ ಗರಿಯದೆಂದು ಪ್ರಸಿದ್ಧಿ. ಉದುರಿದ ಕಡೆಯಲ್ಲೆಲ್ಲ ರುವಾನ್ ನಮ್ಮ ಮನೆಯ ಬಾತುಕೋಳಿಯ ಗರಿ ಹಾಕಿ ಹೊಲಿದಿದ್ದಳು. ಅಲ್ಲಿ ಅವನ ಗುಳಿಗೆಯನ್ನು ಮೊದಲು ಒಂದು ನಾಯಿಗೆ ತಿನ್ನಿಸಿದರಂತೆ, ನಾಯಿ ಸತ್ತಿತಂತೆ. ಸಭೆಯಲ್ಲಿ ಇವನು ಎದ್ದು ನಿಂತು, ನಾಯಿಯ ಮನಸ್ಸು ಶುದ್ಧವಿರಲಿಲ್ಲ ಎಂದನಂತೆ. ಊರಿಗೆ ಬಂದಾಗ ನಾನು ಬಿಡಲಿಲ್ಲ.

"ನಾಯಿ ಮನಸ್ಸಲ್ಲಿ ಎಂಥ ಕಲ್ಮಶ ಇರತ್ತೆ ಮಾರಾಯ?"

"ಅರಮನೆ ನಾಯಿ ಅದು" ಎಂದ ಗೆಂಗ್, ನಗದೆ.

ತಾನು ಮಾತ್ರ ಒಂದು ಗುಳಿಗೆಯನ್ನೂ ಬಾಯಿಗೆ ಹಾಕಿದವನಲ್ಲ. "ನಾನು ಅಮರ ಆಗಿ ಆಕಾಶಕ್ಕೆ ಹೋದ್ರೆ ಇಲ್ಲಿ ಗುಳಿಗೆ ಮಾಡೋರ್ಯಾರು?" ಎನ್ನುತ್ತಿದ್ದ. ಅವನಿಗೆ ನಂಬಿಕೆ ಇತ್ತೇ ಎಂದು ನನ್ನನ್ನು ಕೇಳಿದವರುಂಟು. ಮಾತಾಡುವಾಗ ನಂಬುತ್ತಿದ್ದ, ಮೂಸೆ ತೊಳೆದ ನೀರನ್ನು ಬಾವಿಯಿಂದ ದೂರ ಚೆಲ್ಲಿ ಬರುವಾಗ ನಂಬುತ್ತಿರಲಿಲ್ಲ. ಎರಡೂ ನಾನು ಕಣ್ಣಾರೆ ಕಂಡದ್ದೇ.

ಆಮೇಲೆ ಗಾಳಿ ತಿರುಗಿತು. ರಾಜಧಾನಿಯಲ್ಲಿ ಹೊಸ ಮಂತ್ರಿಗಳು ಬಂದರು, ಹಳೆಯ ಗ್ರಂಥಗಳನ್ನು ಕಂಠಪಾಠ ಮಾಡಿದವರು. ಇಷ್ಟು ವರ್ಷ ಇಷ್ಟು ಗುಡಿ, ಇಷ್ಟು ಕುಲುಮೆ, ಇಷ್ಟು ಹಡಗು ಮಾಡಿಸಿದ್ದಾಯಿತು, ಸಾಯದ ಒಬ್ಬನನ್ನಾದರೂ ತೋರಿಸಿ ಎಂದರು. ತೋರಿಸುವುದಕ್ಕೆ ಯಾರಿದ್ದರು? ಗುಡಿಗಳಿಗೆ ಬೀಗ ಬಿತ್ತು, ರಸವಾದಿಗಳಿಗೆ ಊರಿನ ದಾರಿ ತೋರಿಸಿದರು. ಒಂದು ಚಳಿಗಾಲವಿಡೀ ನಮ್ಮ ರಸ್ತೆಯಲ್ಲಿ ಪೂರ್ವಕ್ಕೆ ದಣಿದು ಕಾಲೆಳೆದುಕೊಂಡು ಬರುವವರ ಸಾಲೇ ಸಾಲು. ಗೆಂಗ್ ಕೂಡ ಬಂದ, ಮತ್ತೆ ಹಂದಿ ಹುಡುಕಿಕೊಡಲು, ಮದುವೆಗೆ ದಿನ ನೋಡಲು ಕೂತ. ಮೊದಲು ಬಾಗಿ ನಮಸ್ಕರಿಸುತ್ತಿದ್ದವರು ಈಗ ಅವನ ಬೆನ್ನ ಹಿಂದೆ ಅವನಂತೆಯೇ ಕುಂಟಿ ತೋರಿಸಿ ನಗುತ್ತಿದ್ದರು. ಅವನು ತಿರುಗಿಯೂ ನೋಡುತ್ತಿರಲಿಲ್ಲ, ಆ ಗತ್ತು ಮಾತ್ರ ಕೊನೆಯವರೆಗೆ ಉಳಿದಿತ್ತು.

ಅವನನ್ನು ಕೈಬಿಡದೆ ಉಳಿದದ್ದು ಒಂದೇ ಮನೆ, ನಮ್ಮ ಸೀಮೆಯ ಅರಸರದು. ರಾಜಧಾನಿಗೆ ತಿಳಿಯದ ಹಾಗೆ ಅವರು ಗುಳಿಗೆ ತರಿಸುತ್ತಿದ್ದರು; ಅದಕ್ಕೆ ಓಡಾಡುತ್ತಿದ್ದವನು ಅರಮನೆಯ ಪಾರುಪತ್ಯಗಾರ ಬೀ ಚಾಂಗ್, ಸದಾ ಬೆವರುವ, ನಯವಾಗಿ ಮಾತಾಡುವ ಮನುಷ್ಯ. ಅರಸರ ತಾಯಿ ಎರಡು ವರ್ಷ ಗುಳಿಗೆ ತಿಂದು ತೀರಿಕೊಂಡರು. ನಮ್ಮ ಕಡೆ ಒಂದು ಕ್ರಮವಿದೆ: ಗುಳಿಗೆ ತಿಂದವರು ಸತ್ತರೆ, ಶವಪೆಟ್ಟಿಗೆಯ ಮುಚ್ಚಳಕ್ಕೆ ಮೊಳೆ ಹೊಡೆಯುವ ಮುಂಚೆ, ಗುಳಿಗೆ ಮಾಡಿದವನು ಪೆಟ್ಟಿಗೆಯ ತಲೆದಿಕ್ಕಿನಲ್ಲಿ ನಿಂತು ಸತ್ತವರ ಮನಸ್ಸಿನ ದೋಷವನ್ನು ಎಲ್ಲರೆದುರು ಹೇಳಬೇಕು. ಹೇಳಿದರೆ ಔಷಧ ಗೆದ್ದಿತು, ಅವನ ತಲೆ ಉಳಿಯಿತು. ಹೇಳದಿದ್ದರೆ ಕೊಂದವನು ಅವನೇ ಎಂದಾಯಿತು. ಗೆಂಗ್ ಅಂದು ಆ ತಾಯಿ ಯೌವನದಲ್ಲಿ ಸವತಿಯ ಕೂಸಿನ ಮೇಲೆ ಅಸೂಯೆಪಟ್ಟಿದ್ದನ್ನು ಎತ್ತಿ ಹೇಳಿದ. ಯಾವ ಸವತಿ, ಯಾವ ಅಸೂಯೆ? ಸವತಿಯಿದ್ದ ಮನೆಯಲ್ಲೆಲ್ಲ ಅಸೂಯೆ ಇರುತ್ತದೆ, ಅಷ್ಟೇ ಅವನ ಜ್ಞಾನ. ಆದರೆ ಅರಸರ ತಂಗಿ ಅವತ್ತು ಎದೆ ಬಡಿದುಕೊಂಡು ಅತ್ತದ್ದು ತಾಯಿ ಸತ್ತದ್ದಕ್ಕಲ್ಲ, ತಾಯಿ ಅಂಥವಳೆಂದು ಊರಿಗೆಲ್ಲ ತಿಳಿದದ್ದಕ್ಕೆ. ಅದನ್ನು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಗೆಂಗ್‌ನನ್ನು ಬಿಟ್ಟು ಒಬ್ಬನೇ ಮನೆಗೆ ನಡೆದೆ.

ಅದರ ಮರುವರ್ಷ ರುವಾನ್‌ಗೆ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ವೈದ್ಯ ಮುಟ್ಟಿ ನೋಡಿ, ಹೊಸ ವರ್ಷ ಕಾಣುವುದು ಅನುಮಾನ ಎಂದು ನನ್ನ ಹತ್ತಿರ ಹೇಳಿ ಹೋದ. ಅರಮನೆಗೆಂದು ಗುಳಿಗೆಯ ಹೊಸ ಪಾಕ ಆಗಷ್ಟೇ ಇಳಿದಿತ್ತು. ಅದಕ್ಕೂ ಅವಳೇ ತಿದಿ ಒತ್ತಿದ್ದಳು, ಒಂದು ಕೈಯಿಂದ ಹೊಟ್ಟೆ ಹಿಡಿದುಕೊಂಡು.

"ನಂಗೊಂದು ಗುಳಿಗೆ ಎತ್ತಿಡಿ" ಎಂದಳು ಗಂಡನಿಗೆ. ನಾನು ಗೋಡೆಯ ಈಚೆ ಮೀನು ತಿರುವಿ ಹಾಕುತ್ತಿದ್ದೆ.

"ಅದು ಅರಸರಿಗೆ ಮಾಡಿದ್ದು."

"ಅರಸರೇನು ಇಲ್ಲಿ ಕೂತ್ಕೊಂಡು ಕಾವಲು ಕಾದ್ರಾ? ಒಂದು ಕಡಿಮೆ ಆದ್ರೆ ಗೊತ್ತಾಗತ್ತಾ?"

"ನಿನಗೆ ಅದು ಬೇಡ ಬಿಡು."

"ಯಾಕೆ ಬೇಡ?"

ಊರಿನವರಿಗೆಲ್ಲ ಥಟ್ಟನೆ ಉತ್ತರ ಹೇಳುತ್ತಿದ್ದವನು ಅಂದು ಸುಮ್ಮನೆ ಎದ್ದು ಹೊರಗೆ ಹೋದ. ಅವನು ಮಾತಾಡದಿದ್ದದ್ದೇ ತಪ್ಪಾಯಿತು. ಗುಳಿಗೆ ಯಾರಿಗೆ ನಾಟುವುದಿಲ್ಲ ಎಂಬುದನ್ನು ಅವನ ಬಾಯಿಂದ ಜೀವಮಾನವಿಡೀ ಕೇಳಿದ್ದ ಹೆಂಗಸು ಅವಳು. ಅವನ ಮೌನಕ್ಕೆ ಅವಳಿಗೆ ತಿಳಿದಿದ್ದ ಅರ್ಥ ಒಂದೇ.

ಎರಡು ದಿನ ಬಿಟ್ಟು, ಗೋಡೆ ಹತ್ತಲಾರದೆ, ಬೀದಿ ಸುತ್ತಿಕೊಂಡು ನಮ್ಮ ಮನೆಗೆ ಬಂದಳು. ಬಾಗಿಲಿನಲ್ಲೇ ಕುಸಿದು ಕೂತಳು.

"ಉಗ್ರಾಣದಣ್ಣ, ನೀವು ಗೋಡೆ ಆಚೆ ಇರೋರು, ನಿಮಗೆಲ್ಲ ಕೇಳಿಸಿರತ್ತೆ. ನಾನೇನು ತಪ್ಪು ಮಾಡಿದೀನಿ, ಹೇಳಿ. ನನ್ನತ್ತೆಗೆ ಒಂದ್ಸಲ ಹುಳಿ ಬಂದ ಗಂಜಿ ಕೊಟ್ಟಿದ್ದೆ. ಬೇಕಂತ ಅಲ್ಲ. ನಿಮ್ಮನೆ ಬಾತುಕೋಳಿ ಮೊಟ್ಟೆ ನಮ್ಮ ಹಿತ್ತಲಲ್ಲಿ ಬಿದ್ದಿತ್ತು, ನಾನು ಹೇಳ್ಲಿಲ್ಲ, ಬೇಯಿಸ್ಕೊಂಡು ತಿಂದ್ಬಿಟ್ಟೆ. ಅದಾ? ಅವರಿಗೆ ಅದು ಗೊತ್ತಾಗಿರತ್ತಾ?"

ನನ್ನ ಹೆಂಡತಿ ಅಂಗಿಯ ತೋಳಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಸಾಯುವುದು ಅವಳಿಗೆ ದೊಡ್ಡ ಮಾತಾಗಿರಲಿಲ್ಲ. ಗಂಡನ ಕಣ್ಣಿನಲ್ಲಿ ತಾನು ಕೊಳಕಾದೆನೆಂಬುದೇ ಅವಳನ್ನು ತಿನ್ನುತ್ತಿತ್ತು. ಸಂಜೆಯೇ ಗೆಂಗ್‌ನನ್ನು ಹಿಡಿದು ನಿಲ್ಲಿಸಿ, "ನಿಜ ಹೇಳಿಬಿಡಯ್ಯ ಅವಳಿಗೆ, ಇನ್ಯಾವ ಕಾಲಕ್ಕೆ ಇಟ್ಕೊಂಡಿದೀಯ?" ಎಂದೆ. ಅವನ ಮುಖ ಬಿಳುಚಿತು. ನಿಜ ಹೇಳುವುದೆಂದರೆ ಅರಸರ ತಾಯಿಗೆ ತಾನು ಏನು ತಿನ್ನಿಸಿದೆನೆಂದು ಹೇಳುವುದು. ಆದರೂ ಮರುದಿನ ಮಧ್ಯಾಹ್ನ ಹೇಳಿದ. ಗೋಡೆಯಾಚೆಯಿಂದ ನನಗೆ ಕೇಳಿಸಿತು.

"ಅದು ವಿಷ ಕಣೇ. ತಿಂದೋರೆಲ್ಲ ಸತ್ತಿದಾರೆ."

ರುವಾನ್‌ಳ ದನಿ ಬಂತು, ಜಗಳದ ದನಿಯಲ್ಲ, ದಣಿದ ದನಿ: "ಅರಸರ ತಾಯಿಗೆ ಔಷಧ, ನಂಗೆ ವಿಷ. ಇಷ್ಟು ಸುತ್ತಿ ಬಳಸಿ ಯಾಕೆ ಹೇಳ್ತೀರಿ? ನಿನ್ನ ಮನಸ್ಸು ಕೊಳಕು ಅಂತ ನೆಟ್ಟಗೆ ಹೇಳಿ."

"ನಿನ್ನ ಮನಸ್ಸು ಕೊಳಕಲ್ಲ."

"ಹಾಗಿದ್ರೆ ಕೊಡಿ."

ಸುಳ್ಳು ಹೇಳಿದ ದಿನಗಳಲ್ಲೆಲ್ಲ ಅವನನ್ನು ನಂಬಿದವಳು, ನಿಜ ಹೇಳಿದ ಒಂದು ದಿನ ನಂಬಲಿಲ್ಲ. ಅವನು ಕೊಡಲಿಲ್ಲ. ಅವಳು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿ, ಅವನ ಕೈಯಿಂದ ಗಂಜಿ ಕುಡಿಯುವುದನ್ನು ಬಿಟ್ಟಳು. ನನ್ನ ಹೆಂಡತಿ ಕೊಟ್ಟರೆ ಎರಡು ಗುಟುಕು, ಅದೂ ಬಲವಂತಕ್ಕೆ. ಗೆಂಗ್ ಬಟ್ಟಲು ಹಿಡಿದು ಅವಳ ಬೆನ್ನಿನ ಹಿಂದೆ ಕೂತಿರುತ್ತಿದ್ದ, ಗಂಜಿ ಆರಿ ಕೆನೆಗಟ್ಟುವವರೆಗೆ. ಹೀಗೆ ಎಷ್ಟೋ ದಿನ ನಡೆಯಿತು. ಒಂದು ಬೆಳಿಗ್ಗೆ ಅವರ ಮನೆಯಿಂದ ಅವಳ ನಗು ಕೇಳಿಸಿತು. ಹೋಗಿ ನೋಡಿದರೆ ರುವಾನ್ ಎದ್ದು ಗೋಡೆಗೊರಗಿ ಕೂತಿದ್ದಾಳೆ, ತುಟಿ ಕೆಂಪಗಿದೆ, ಗಂಡ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಾನೆ, ಅವಳು ಬಿಸಿಯಾಯಿತೆಂದು ಬಯ್ಯುತ್ತ ಕುಡಿಯುತ್ತಿದ್ದಾಳೆ. ನನ್ನನ್ನು ಕಂಡು, "ಕೊಟ್ರು ಅಣ್ಣ" ಎಂದಳು. ಗೆಂಗ್ ನನ್ನ ಕಡೆ ನೋಡಲಿಲ್ಲ.

ಅವನು ಮಾಡಿದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ. ಸರಿ ಎನ್ನಲು ಬಾಯಿ ಬರುವುದಿಲ್ಲ, ತಪ್ಪೆನ್ನಲು ಆ ನಗು ಬಿಡುವುದಿಲ್ಲ. ಅವಳು ಹಿಮ ಬೀಳುವ ಮೊದಲೇ ಹೋದಳು. ಒಸಡು ಕಪ್ಪಾಗಿ, ಕೈ ನಡುಗಿ, ಅನ್ನ ಸೇರದೆ ಹೋದಳು. ಮೈ ತೊಳೆದು ಬಟ್ಟೆ ಉಡಿಸಿದ ಹೆಂಗಸರೆಲ್ಲ ನೋಡಿದ್ದರಿಂದ, ಆಕಾಶಕ್ಕೆ ಏರಿದಳೆಂಬ ಕತೆ ಕಟ್ಟಲು ಯಾರಿಗೂ ಆಸ್ಪದವಿರಲಿಲ್ಲ.

ಮಣ್ಣು ಮಾಡುವ ದಿನ ಬೀ ಚಾಂಗ್ ಬಂದ, ಅರಮನೆಯಿಂದ ಬಿಳಿ ರೇಷ್ಮೆ ತಂದ. ರೇಷ್ಮೆ ನೆಪ, ಬಂದದ್ದು ಗುಳಿಗೆಗೆ. ಮನೆಯವಳೇ ತಿಂದು ಸತ್ತ ಪಾಕವನ್ನು ಅರಸರು ಒಪ್ಪಬೇಕಾದರೆ ಕ್ರಮದಂತೆ ದೋಷ ಹೇಳಿದ್ದಾಗಬೇಕು. ಅಂಗಳದಲ್ಲಿ ಬೀದಿಯವರೆಲ್ಲ ಸೇರಿದ್ದರು. ಬಡಗಿ ಮುಚ್ಚಳವಿಟ್ಟು, ಮೊಳೆ ಬಾಯಲ್ಲಿ ಕಚ್ಚಿಕೊಂಡು, ಸುತ್ತಿಗೆ ಹಿಡಿದು ಕಾದ. ಗೆಂಗ್ ಪೆಟ್ಟಿಗೆಯ ತಲೆದಿಕ್ಕಿಗೆ ಹೋಗಿ ನಿಂತ. ತುಟಿ ಒಳಗೆಳೆದುಕೊಂಡ. ಆ ಮೊಟ್ಟೆಯ ಕತೆಯನ್ನು ರುವಾನ್ ಅವನಿಗೂ ಹೇಳಿದ್ದಾಳೋ ಏನೋ ಎಂದು ನಾನು ಹೆದರಿದೆ. ಅಷ್ಟು ಸಾಕಿತ್ತು ಅವನಿಗೆ. ಕದ್ದ ಮೊಟ್ಟೆ ಎಂದರೆ ಮುಗಿಯಿತು, ಅರಮನೆಯೂ ಉಳಿಯಿತು, ತಲೆಯೂ ಉಳಿಯಿತು.

ಬೀ ಚಾಂಗ್ ಮೆಲ್ಲಗೆ ಸಹಾಯಕ್ಕೆ ಬಂದ: "ನಿನ್ನ ಮನೆಯಾಕೆ ಒಳ್ಳೆಯವರೇ, ಯಾರಿಲ್ಲ ಅಂದ್ರು. ಆದ್ರೆ ಎಲ್ಲೋ ಒಂದು ಕಡೆ, ಸಣ್ಣದೇನೋ... ಅಲ್ವಾ ಗೆಂಗ್?"

"ಏನೂ ಇರ್ಲಿಲ್ಲ" ಎಂದ ಗೆಂಗ್.

"ಯೋಚನೆ ಮಾಡಿ ಮಾತಾಡು."

"ಯೋಚನೆ ಮಾಡೇ ಹೇಳ್ತಿದೀನಿ. ಇವಳ ಮನಸ್ಸಲ್ಲಿ ಒಂದು ಚೂರೂ ಕಲ್ಮಶ ಇರ್ಲಿಲ್ಲ. ಗುಳಿಗೆನೇ ವಿಷ. ನಾಯಿಗೂ ವಿಷಾನೇ, ಅರಸರ ತಾಯಿಗೂ ವಿಷಾನೇ. ಅವರ ಮನಸ್ಸಲ್ಲೂ ಏನೂ ಇರ್ಲಿಲ್ಲ, ನಾನು ಹುಟ್ಟಿಸ್ಕೊಂಡು ಹೇಳಿದ್ದು." ಬಡಗಿಯ ಕಡೆ ತಿರುಗಿ, "ಹೊಡಿಯಪ್ಪ ಮೊಳೆ" ಎಂದ.

ಬೀ ಚಾಂಗ್ ಕೊರಳು ಒರೆಸಿಕೊಳ್ಳುತ್ತ ನಿಂತಿದ್ದ. ಬಡಗಿ ಮೊಳೆ ಹೊಡೆದು ಮುಗಿಸಿದ. ಹೂಳಿ ಬರುವವರೆಗೆ ಬಿಟ್ಟು, ಸಂಜೆ ಅರಮನೆಯ ಭಟರು ಬಂದು ಗೆಂಗ್‌ನನ್ನು ಹಿಡಿದುಕೊಂಡು ಹೋದರು. ತಲೆ ತೆಗೆಯುತ್ತಾರೆಂದೇ ನಾವೆಲ್ಲ ತಿಳಿದದ್ದು. ಆದರೆ ತಲೆ ತೆಗೆಯಬೇಕಾದರೆ, ರಾಜಧಾನಿ ನಿಷೇಧಿಸಿದ ಔಷಧವನ್ನು ಅರಮನೆ ಗುಟ್ಟಾಗಿ ತರಿಸಿತ್ತೆಂದು ಬರೆದು ಕಳಿಸಬೇಕು; ಅಷ್ಟು ಧೈರ್ಯ ಯಾರಿಗಿತ್ತು? ಶವದ ಮುಂದೆ ಅಸಭ್ಯ ಮಾತಾಡಿದನೆಂಬ ಅಪರಾಧ ಹೊರಿಸಿ, ತಲೆ ಬೋಳಿಸಿ, ಕೊರಳಿಗೆ ಕಬ್ಬಿಣದ ಬಳೆ ಹಾಕಿ, ಕೋಟೆಗೋಡೆಗೆ ಮಣ್ಣು ಬಡಿಯುವ ಕೆಲಸಕ್ಕೆ ಹಾಕಿದರು. ಅರಸರ ತಂಗಿ ಮಾತ್ರ ಯಾರಿಗೂ ಹೇಳದೆ ಅವನಿಗೊಂದು ಹತ್ತಿ ತುಂಬಿದ ಅಂಗಿ ಕಳಿಸಿದಳು.

ನಾನು ಆಗಾಗ ಒಣಮೀನು ಕಟ್ಟಿಕೊಂಡು ಹೋಗಿ ನೋಡಿ ಬರುತ್ತಿದ್ದೆ. ಬೋಳುತಲೆಯ ಗೆಂಗ್‌ನ ಗುರುತು ಹಿಡಿಯುವುದು ಕಷ್ಟವಾಗಿತ್ತು. ಒಮ್ಮೆ ಅಲ್ಲಿನ ಕೈದಿಯೊಬ್ಬ, ತನಗೆ ಬಿಡುಗಡೆ ಯಾವಾಗ ಎಂದು ಅವನನ್ನು ಕೇಳಿದ. ಹಳೆಯ ಕೀರ್ತಿ ಅಲ್ಲಿಗೂ ಮುಟ್ಟಿತ್ತು. ಗೆಂಗ್ ಮಣ್ಣು ಬಡಿಯುವುದನ್ನು ನಿಲ್ಲಿಸಿ ಅವನ ಮುಖ ನೋಡಿ, "ಗೊತ್ತಿಲ್ಲಪ್ಪ" ಎಂದ. ಆ ಮಾತನ್ನು ಅವನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಅದಾದ ಮೇಲೆ ಬಹಳ ದಿನ ಬದುಕಲಿಲ್ಲ.

ಮಂತ್ರಿಗಳು ಶಕುನಿಗರನ್ನೂ ರಸವಾದಿಗಳನ್ನೂ ಅಳಿಸಿಹಾಕಿದರೆಂದು ಈಗ ವಿದ್ವಾಂಸರು ಹೇಳುತ್ತಾರೆ. ಅಳಿಸಲಿಲ್ಲ, ಬರೀ ರಾಜಧಾನಿಯಿಂದ ಓಡಿಸಿದರು. ಆ ಕುಲ ಮತ್ತೆ ಚಿಗುರುತ್ತಲೇ ಇದೆ, ಮುಂದೆಯೂ ಚಿಗುರುತ್ತದೆ. ಅವರು ದುಷ್ಟರೇನಲ್ಲ. ಹತ್ತಿರದಿಂದ ಅರಿಯದ ಮನುಷ್ಯರ ಮನಸ್ಸಿನ ಮೇಲೆ ತೀರ್ಪು ಕೊಡುವುದು ಸುಲಭ, ಆ ಸುಲಭವನ್ನೇ ವಿದ್ಯೆಯೆಂದು ಭ್ರಮಿಸಿ ಅವರು ಹೊಟ್ಟೆ ಹೊರೆಯುತ್ತಾರೆ. ಯಾರಾದರೊಬ್ಬರನ್ನು, ಒಬ್ಬರನ್ನಾದರೂ, ಒಳಗಿನವರೆಗೆ ಬಲ್ಲವನು ಆ ಕಸುಬಿಗೆ ಲಾಯಕ್ಕಿಲ್ಲ. ಹಾಗೆ ಲಾಯಕ್ಕಿಲ್ಲದೆ ಹೋದವನನ್ನು ಅಷ್ಟೊಂದು ಜನರಲ್ಲಿ ನಾನು ನೋಡಿದ್ದು ಗೆಂಗ್ ಒಬ್ಬನನ್ನೇ.